ಕೆಂಪುಕಲ್ಲಿನ ನೆಲ, ಮೆದುನೀರಿನ ಬಾವಿ: ನೆಲಮಾಳಿಗೆಯ ಅಕ್ವೇರಿಯಂ

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ, ಚಕ್ರಾ ನದಿಯ ಮಗ್ಗುಲಲ್ಲಿ ವಂಡ್ಸೆ ಇದೆ. ಸುತ್ತ ಗುಡ್ಡ, ಹಾಡಿ, ಗದ್ದೆ, ತೋಟ. ಇಂಥ ಕಡೆ ಧರೆ ತರಿದು ಇಳಿಜಾರಿನಲ್ಲಿ ಮನೆ ಕಟ್ಟಿದರೆ ರಸ್ತೆಯ ಮಟ್ಟಕ್ಕಿಂತ ಕೆಳಗೆ ಒಂದು ಕೋಣೆ ದಕ್ಕುತ್ತದೆ. ಅದರ ಬೆನ್ನಿಗೆ ಮಣ್ಣು, ಎದುರಿಗೆ ತೋಟ. ಸಾಮಾನ್ಯವಾಗಿ ತೆಂಗಿನಕಾಯಿ ರಾಶಿಗೂ ಹಳೇ ಸಾಮಾನಿಗೂ ಬಿಟ್ಟುಕೊಡುವ ಈ ಕೋಣೆಯೇ ದೊಡ್ಡ ಅಕ್ವೇರಿಯಂ ಇಡಲು ಮನೆಯಲ್ಲಿ ಅತ್ಯುತ್ತಮ ಜಾಗ. ಆದರೆ ಕರಾವಳಿಯ ನೆಲಕ್ಕೂ ನೀರಿಗೂ ತಮ್ಮದೇ ಗುಣವಿದೆ. ಬೇರೆ ದೇಶದ ಗಡಸು ನೀರಿಗೆಂದು ಬರೆದ ಸೂತ್ರಗಳನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಮೀನು ಉಳಿಯುವುದು ಕಷ್ಟ.

ಭಾರದ ಲೆಕ್ಕ

ಉದ್ದ 180, ಅಗಲ 75, ಎತ್ತರ 75 ಸೆಂಟಿಮೀಟರಿನ ಟ್ಯಾಂಕು ಎಂದುಕೊಳ್ಳೋಣ. ಅದರಲ್ಲಿ ಸುಮಾರು 1,000 ಲೀಟರ್ ನೀರು ಹಿಡಿಯುತ್ತದೆ. ಅಂದರೆ 1,000 ಕಿಲೋ. 15 ಮಿಲಿಮೀಟರ್ ದಪ್ಪದ ಗಾಜು ಬಳಸಿದರೆ ಗಾಜೇ 190 ಕಿಲೋ ದಾಟುತ್ತದೆ. ತಳಕ್ಕೆ ಹಾಸುವ ಮರಳು ನೂರು ಕಿಲೋ. ಎಲ್ಲ ಸೇರಿ 1,300 ಕಿಲೋ, ಅದೂ ಒಂದೂಕಾಲು ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದ ಮೇಲೆ. ಚದರ ಮೀಟರಿಗೆ 950 ಕಿಲೋ ಮೀರುತ್ತದೆ. ವಾಸದ ಮನೆಯ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ. ಮಹಡಿಯ ಸ್ಲ್ಯಾಬಿನ ಮೇಲೆ ಇದರ ಸುಮಾರು ಐದು ಪಟ್ಟು ಹೊರಿಸುವ ಸಾಹಸ ಬೇಡ. ನೆಲಕ್ಕೆ ನೇರವಾಗಿ ಕೂತ ಕೆಳಗಿನ ಕೋಣೆ ಬೇಕೆನ್ನುವುದು ಇದಕ್ಕೇ.

ಗಾಜಿನ ಮೇಲಿನ ಒತ್ತಡದ ನಿಯಮ ಬೇರೆ. ಟ್ಯಾಂಕು ಎಷ್ಟು ಉದ್ದ, ಎಷ್ಟು ಅಗಲ ಎಂಬುದು ನೀರಿನ ಒತ್ತಡಕ್ಕೆ ಲೆಕ್ಕವಿಲ್ಲ. ಎಷ್ಟು ಆಳ ಎಂಬುದಷ್ಟೇ ಲೆಕ್ಕ. ಅಂಚಿನವರೆಗೆ ತುಂಬಿಸಿದರೆ ಮುಂದಿನ ಗಾಜನ್ನು ನೀರು ಸುಮಾರು 500 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ, 50 ಕಿಲೋದ ಹತ್ತು ಅಕ್ಕಿ ಮೂಟೆಗಳನ್ನು ಅದಕ್ಕೆ ಆನಿಸಿಟ್ಟ ಹಾಗೆ. ಎತ್ತರವನ್ನು ಅರ್ಧಕ್ಕಿಳಿಸಿದರೆ ಈ ಬಲ ಕಾಲು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಹೆಚ್ಚು ನೀರು ಬೇಕೆನಿಸಿದರೆ ಟ್ಯಾಂಕನ್ನು ಉದ್ದ, ಅಗಲದಲ್ಲಿ ಬೆಳೆಸಬೇಕು, ಎತ್ತರದಲ್ಲಿ ಬೇಡ. ಮೀನಿಗೂ ಅದೇ ಹಿತ, ಏಕೆಂದರೆ ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ.

ಕೆಂಪುಕಲ್ಲಿನಡಿಯ ಶೇಡಿಮಣ್ಣು

ನಮ್ಮ ಕೆಂಪುಕಲ್ಲು ವಿಜ್ಞಾನದ ಪುಸ್ತಕ ಸೇರಿದ್ದು ಫ್ರಾನ್ಸಿಸ್ ಬುಕಾನನ್ ಅವರಿಂದ. 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದ ಅವರು 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನೆಲದೊಳಗಿರುವಾಗ ಕೊಡಲಿಗೆ ಮಣಿಯುವ ಈ ಕಲ್ಲು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ತುಂಬ ತೂತುಗಳ ಕಲ್ಲಾದ್ದರಿಂದ ಮಳೆನೀರನ್ನು ಹೀರಿ ಕೆಳಕ್ಕೆ ಬಿಡುತ್ತದೆ.

ಅದರಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಶೇಡಿಮಣ್ಣು: ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು. ಒಣಗಿದ್ದಾಗ ಗಟ್ಟಿ, ಒದ್ದೆಯಾದರೆ ಮೆತ್ತಗಾಗಿ ಬಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಧರೆ ಕುಸಿಯುವುದಕ್ಕೆ ಇದೂ ಒಂದು ಕಾರಣ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೆಲಮಾಳಿಗೆ ಕೆಂಪುಕಲ್ಲಿನ ಪದರ ದಾಟಿ ಶೇಡಿಯವರೆಗೆ ಇಳಿದಿದ್ದರೆ ಬೇಸಿಗೆಯಲ್ಲಿ ಅಲುಗದೆ ನಿಂತ ಟ್ಯಾಂಕು ಆಷಾಢದಲ್ಲಿ ಒಂದು ಮೂಲೆಗೆ ಕೂದಲೆಳೆಯಷ್ಟು ಕೂರಬಹುದು. ಗಾಜಿಗೆ ಅಷ್ಟೇ ಸಾಕು. ಸ್ಟ್ಯಾಂಡು ತಿರುಚಿಕೊಂಡರೆ ಸಿಲಿಕೋನಿನ ಬೆಸುಗೆ ಬಿಡುತ್ತದೆ.

ಪರಿಹಾರ ಸರಳ. ಧರೆಯ ಕಡೆಯ ಗೋಡೆಯ ಹಿಂದೆ ಜಲ್ಲಿ ತುಂಬಿದ ಚರಂಡಿ ತೆಗೆದು ನೀರನ್ನು ತೋಟದ ಕಡೆ ಹೊರಳಿಸಬೇಕು. ಟ್ಯಾಂಕಿನ ಅಡಿಗೆ ಅದಕ್ಕಿಂತ ಎಷ್ಟೋ ಅಗಲದ ಆರ್‌ಸಿಸಿ ಹಾಸು ಬೇಕು. 2.4 ಮೀಟರ್ ಉದ್ದ, 1.5 ಮೀಟರ್ ಅಗಲದ ಹಾಸು ಹಾಕಿದರೆ ಟ್ಯಾಂಕು, ಸ್ಟ್ಯಾಂಡುಗಳ ಭಾರ ಹರಡಿ ಮಣ್ಣಿನ ಮೇಲೆ ಚದರ ಮೀಟರಿಗೆ 400 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಅದರ ಜತೆಗೆ ಹಾಸಿನ ಸ್ವಂತ ಭಾರ ಮಾತ್ರ. ಒಂದು ಮಳೆಗಾಲ ಕಳೆಯುವವರೆಗೆ ಕೋಣೆಯನ್ನು ಖಾಲಿ ಬಿಟ್ಟು, ಜಿನುಗು ಎಲ್ಲಿ ಬರುತ್ತದೆಂದು ನೋಡಿಕೊಂಡು ಕೆಲಸಕ್ಕೆ ಕೈಹಾಕುವುದು ಇನ್ನೂ ಒಳ್ಳೆಯದು.

ಮಣ್ಣಿಗೆ ಬೆನ್ನು ಕೊಟ್ಟ ಕೋಣೆಯಲ್ಲಿ ಏಪ್ರಿಲ್-ಮೇ ತಿಂಗಳ ಸೆಕೆ ಹೆಚ್ಚು ಬಾಧಿಸದು. ಇದು ಮೀನಿಗೆ ಉಸಿರಿನ ಪ್ರಶ್ನೆ: 25 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಹಿಡಿಯುವುದು 7.6 ಮಾತ್ರ. ನೇರ ಬಿಸಿಲು ಬೀಳದ್ದರಿಂದ ಪಾಚಿಯ ಕಾಟವೂ ಕಡಿಮೆ. ತೇವದಿಂದ ಗೋಡೆಗೆ ಬೂಷ್ಟು ಹಿಡಿಯದಂತೆ ಟ್ಯಾಂಕಿಗೆ ಗಾಜಿನ ಮುಚ್ಚಳ, ಕೋಣೆಗೆ ಎಕ್ಸಾಸ್ಟ್ ಫ್ಯಾನು ಇರಲಿ. ವಿದ್ಯುತ್ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸ್ವಿಚ್ಚು) ಹಾಕಿಸದೆ ನೀರಿಗೆ ಕೈ ಇಳಿಸಲೇಬಾರದು. ಗಾಳಿಮಳೆಗೆ ಕರೆಂಟು ಹೋಗುವ ರಾತ್ರಿಗಳಿಗಾಗಿ ಏರ್ ಪಂಪನ್ನು ಇನ್ವರ್ಟರಿಗೆ ಸೇರಿಸಿಡಬೇಕು.

ಕಣ್ಣಿಗೆ ಕಾಣದ ಕೆಲಸಗಾರರು

ಮೀನು ತಿಂದ ಆಹಾರದ ಪ್ರೋಟೀನು ಅಮೋನಿಯಾ ಆಗಿ, ಬಹುಪಾಲು ಕಿವಿರುಗಳ ಮೂಲಕವೇ ನೀರಿಗೆ ಬರುತ್ತದೆ. ಅದು ವಿಷ. ನದಿಯಲ್ಲಾದರೆ ಹರಿವು ಅದನ್ನು ಕೊಂಡೊಯ್ಯುತ್ತದೆ. ಟ್ಯಾಂಕಿನಲ್ಲಿ ಆ ಕೆಲಸ ಬ್ಯಾಕ್ಟೀರಿಯಾಗಳದ್ದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ವಿಷವೇ ಆದ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಸೂಕ್ಷ್ಮಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ಸೆರ್ಗೈ ವಿನೊಗ್ರಾಡ್‌ಸ್ಕಿ. ಎರಡು ಹೆಜ್ಜೆಗೆ ಎರಡು ಬೇರೆ ಜೀವಿಗಳು ಬೇಕೇಬೇಕು ಎಂಬ ನಂಬಿಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. 2015ರಲ್ಲಿ ಎರಡು ತಂಡಗಳು ನೇಚರ್ ಪತ್ರಿಕೆಯಲ್ಲಿ ಒಟ್ಟಿಗೇ ವರದಿ ಮಾಡಿದವು: ನೈಟ್ರೋಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಹೆಜ್ಜೆಗಳನ್ನು ಒಂಟಿಯಾಗಿಯೇ ಮುಗಿಸುತ್ತವೆ. ನೆದರ್‌ಲ್ಯಾಂಡ್ಸ್‌ನ ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆ ಘಟಕವೊಂದರ ಫಿಲ್ಟರಿನಲ್ಲಿ.

ಫಿಲ್ಟರಿನ ಸ್ಪಂಜನ್ನು ಹೊರತೆಗೆದು ಹಿಂಡಿದರೆ ಕಂದು ಲೋಳೆ ಬರುತ್ತದೆ. ಕೊಳೆಯೆಂದು ಅದನ್ನು ನಲ್ಲಿಯಡಿ ತಿಕ್ಕಿ ತೊಳೆದರೆ, ಅದರಲ್ಲೂ ಕ್ಲೋರಿನ್ ಇರುವ ನೀರಿನಲ್ಲಿ ತೊಳೆದರೆ, ಮೀನುಗಳ ಕಾವಲನ್ನೇ ತೊಳೆದು ಹಾಕಿದಂತೆ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದರೆ ಸಾಕು. ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಒಂದು ಎರಡಾಗಲು ಹಲವು ಗಂಟೆ, ಕೆಲವಕ್ಕೆ ಒಂದು ದಿನಕ್ಕೂ ಹೆಚ್ಚು. ಹೊಸ ಟ್ಯಾಂಕನ್ನು ಮೀನಿಲ್ಲದೆ ನಾಲ್ಕರಿಂದ ಆರು ವಾರ ಓಡಿಸಿ, ತುಸು ಅಮೋನಿಯಾ ಉಣಿಸಿ ಅವನ್ನು ಬೆಳೆಸಬೇಕೆನ್ನುವುದು ಇದಕ್ಕಾಗಿ.

ಬಾವಿ ನೀರಿನ ಬಡತನ

ಸುಣ್ಣಕಲ್ಲಿನ ನಾಡಿನಲ್ಲಿ ಬಾವಿ ನೀರು ಗಡಸು. ನಮ್ಮಲ್ಲಿ ಹಾಗಿಲ್ಲ. ಲಕ್ಷಾಂತರ ವರ್ಷಗಳ ಮಳೆ ಕೆಂಪುಕಲ್ಲಿನ ನೆಲದಿಂದ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿದೆ. ಹಾಗಾಗಿ ನೀರು ಮೆದು, ಹುಳಿಯ ಕಡೆಗೆ ವಾಲಿದ್ದು. ಕುಡಿಯಲು ಸಿಹಿ, ಸೋಪಿಗೆ ನೊರೆ ಚೆನ್ನ. ಆದರೆ ನಮ್ಮ ಬ್ಯಾಕ್ಟೀರಿಯಾಗಳಿಗೆ ಇದೇ ಕೊರತೆ. ಅಮೋನಿಯಾ ರೂಪದ 1 ಗ್ರಾಂ ನೈಟ್ರೋಜನ್ನನ್ನು ನೈಟ್ರೇಟ್ ಮಾಡುವಾಗ ಹುಟ್ಟುವ ಆಮ್ಲ 7 ಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆಯನ್ನು, ಎಂದರೆ ಆಮ್ಲವನ್ನು ತಣಿಸುವ ನೀರಿನ ಶಕ್ತಿಯನ್ನು, ನುಂಗುತ್ತದೆ.

ಲೆಕ್ಕ ಹಾಕಿ ನೋಡಿ. ಶೇಕಡಾ 35 ಪ್ರೋಟೀನಿನ ಆಹಾರವನ್ನು ದಿನಕ್ಕೆ 20 ಗ್ರಾಂ ಹಾಕಿದರೆ, ಮತ್ಸ್ಯಕೃಷಿಯಲ್ಲಿ ಬಳಸುವ ಸೂತ್ರದಂತೆ ಸುಮಾರು 0.64 ಗ್ರಾಂ ಅಮೋನಿಯಾ-ನೈಟ್ರೋಜನ್ ಹುಟ್ಟುತ್ತದೆ. ಅದಕ್ಕೆ ತಗಲುವ ಕ್ಷಾರತೆ ದಿನಕ್ಕೆ 4.6 ಗ್ರಾಂ. ನಿಮ್ಮ ಬಾವಿ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಕ್ಷಾರತೆ ಇದ್ದರೆ ಸಾವಿರ ಲೀಟರಿನಲ್ಲಿರುವುದು ಒಟ್ಟು 30 ಗ್ರಾಂ. ಒಂದೇ ವಾರದಲ್ಲಿ ಗಂಟು ಖಾಲಿ. ಪಿಎಚ್ 6.5ಕ್ಕಿಂತ ಇಳಿದಂತೆ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ, 6ರ ಕೆಳಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ.

ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚಾಗಿ ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುತ್ತದೆ. ಮೀನುಗಳು ಹೇಗೋ ತಡೆದುಕೊಳ್ಳುತ್ತವೆ. ಅವು ಮಂಕಾದದ್ದನ್ನು ಕಂಡು ಒಮ್ಮೆಗೇ ಸುಣ್ಣವನ್ನೋ ಸೋಡಾವನ್ನೋ ಸುರಿದರೆ ಅನಾಹುತ. 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇಕಡಾ ಅರ್ಧದಷ್ಟಿರುವ ಅದರ ವಿಷರೂಪ ಪಿಎಚ್ 8ಕ್ಕೆ ಏರುವಾಗ ಶೇಕಡಾ 5 ದಾಟುತ್ತದೆ. ಹಾಗಾಗಿ ಕ್ಷಾರತೆಯ ಏರ್ಪಾಡು ಮೀನು ಬರುವ ಮೊದಲೇ ಆಗಿರಬೇಕು.

ಅದಕ್ಕೆ ಬೇಕಾದ್ದು ನಮ್ಮ ಕಡಲತಡಿಯಲ್ಲೇ ಇದೆ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ರೂಢಿ ಹಳೆಯದು. ಸುಡದ ಚಿಪ್ಪೇ ನಮಗೆ ಬೇಕು. ಒಂದು ಚೂರಿನ ಮೇಲೆ ವಿನೆಗರ್ ಬಿಟ್ಟು ನೋಡಿ, ಸಣ್ಣ ಗುಳ್ಳೆಗಳೇಳುತ್ತವೆ; ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವ ಗುರುತು. ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಕುಟ್ಟಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ದಾರಿಯಲ್ಲಿಟ್ಟರೆ ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಹುಳಿ ತಗ್ಗಿದಾಗ ನಿಧಾನವಾಗುತ್ತದೆ. ಸುಟ್ಟ ಸುಣ್ಣ ಮಾತ್ರ ಬೇಡವೇ ಬೇಡ. ಅದು ಪಿಎಚ್ಚನ್ನು ಒಮ್ಮೆಗೇ ಮೇಲಕ್ಕೊಯ್ಯುತ್ತದೆ.

ತೋಟಕ್ಕೆ ನೀರು, ಹೊಳೆಗೆ ಮೀನಲ್ಲ

ಕೊನೆಗುಳಿಯುವ ನೈಟ್ರೇಟು ಗಿಡಗಳ ಆಹಾರ. ವಾರಕ್ಕೊಮ್ಮೆ ಬದಲಿಸುವ 200 ಲೀಟರ್ ನೀರನ್ನು ತೆಂಗು, ಅಡಿಕೆಯ ಬುಡಕ್ಕೆ ಬಿಡಿ. ಕಸವನ್ನು ಸಂಪನ್ಮೂಲವೆಂದು ನೋಡುವ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಘಟಕದಿಂದ ಹೆಸರಾದ ವಂಡ್ಸೆಗೆ ಈ ಮಾತು ಹೊಸತಲ್ಲ.

ಮೀನುಗಳನ್ನು ಆರಿಸುವಾಗ ಪಶ್ಚಿಮ ಘಟ್ಟದ ಮೆದುನೀರಿಗೆ ಒಗ್ಗಿದ ಬಾರ್ಬ್ ಜಾತಿಯವು ಒಳ್ಳೆಯವು. ಆದರೆ ಮಿಸ್ ಕೇರಳ ಎಂದು ಮಾರುವ ಡೆನಿಸನ್ ಬಾರ್ಬ್ ಅಳಿವಿನಂಚಿನದು. ಸಾಕಿ ಮರಿ ಮಾಡಿಸಿದ್ದು, ಕಾನೂನು ಒಪ್ಪುವಂಥದ್ದು ಎಂದು ಖಚಿತವಾದರೆ ಮಾತ್ರ ಕೊಳ್ಳಿ. ಬೇಸರವಾಯಿತೆಂದು, ದೊಡ್ಡದಾಯಿತೆಂದು ಯಾವ ಮೀನನ್ನೂ ಹೊಳೆಗೆ ಬಿಡಬೇಡಿ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಭಾರತದ ಎಷ್ಟೋ ಕೆರೆ, ನದಿಗಳನ್ನು ಹೊಕ್ಕಿದೆ. ಚಕ್ರಾ ನದಿ ಗಂಗೊಳ್ಳಿಯ ಬಳಿ ಸೌಪರ್ಣಿಕಾ, ವಾರಾಹಿ, ಕುಬ್ಜಾ, ಕೇದಕಗಳೊಂದಿಗೆ ಪಂಚಗಂಗಾವಳಿಯಾಗಿ ಕಡಲು ಸೇರುತ್ತದೆ. ಒಂದು ಹೊಳೆಗೆ ಬಿಟ್ಟದ್ದು ಐದಕ್ಕೂ ದಾರಿ ಹುಡುಕಬಹುದು.

ದೊಡ್ಡ ಅಕ್ವೇರಿಯಂ ಇಡಬೇಕೆಂದಿರುವವರು ಮೊದಲು ಗಾಜಿನ ಅಂಗಡಿಗೆ ಹೋಗಬೇಡಿ. ಕ್ಷಾರತೆ, ಪಿಎಚ್ ಅಳೆಯುವ ಕಿಟ್ ಒಂದನ್ನು ತಂದು ಮನೆಯ ಬಾವಿ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಪರೀಕ್ಷಿಸಿ. ಟ್ಯಾಂಕಿನ ಅಳತೆ, ಮೀನಿನ ಸಂಖ್ಯೆ, ಚಿಪ್ಪಿನ ಚೀಲದ ಗಾತ್ರ, ಎಲ್ಲವೂ ಆ ಅಂಕಿಗಳಿಂದಲೇ ತೀರ್ಮಾನವಾಗಲಿ.