ಮುಂದಿನ ಮಹಡಿಗೆ ಕಾಯುವ ತಾರಸಿ

ಬೆಂಗಳೂರಿನ ಸುಂಕದಕಟ್ಟೆಯ ಅಡ್ಡರಸ್ತೆಗಳಲ್ಲಿ ಮನೆ ಕಟ್ಟಿ ಮುಗಿಯಿತು ಎನ್ನುವ ಮಾತು ಅಪರೂಪ. 20×30 ಅಡಿಯ ಸೈಟಿನಲ್ಲಿ ಮೊದಲು ನೆಲಮಹಡಿ, ಕೈಯಲ್ಲಿ ಕಾಸು ಕೂಡಿದಾಗ ಅದರ ಮೇಲೊಂದು, ಮಗಳ ಮದುವೆಯ ಸಾಲ ತೀರಿದ ಮೇಲೆ ಮತ್ತೊಂದು. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸಿಗೂ ದುಡಿಯಲು ಹೋಗುವವರು ಬಾಡಿಗೆಗೆ ಬರುತ್ತಾರೆಂಬ ಭರವಸೆ ಇರುವವರೆಗೆ ಮನೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಮೇಲಿನ ತಾರಸಿಯಲ್ಲಿ ಕಾಲಂ ಕಂಬಿಗಳು ಆಕಾಶಕ್ಕೆ ಚಾಚಿಕೊಂಡಿರುತ್ತವೆ, ಮೂಲೆಯಲ್ಲಿ ಸಿಂಟೆಕ್ಸ್, ಪಕ್ಕದಲ್ಲಿ ಒಂದು ಶೀಟಿನ ಕೋಣೆ. ಇಂಥ ಮನೆ ಮಳೆಗಾಲದಲ್ಲಿ ಸೋರಿದರೆ ಜನ ಸಿಮೆಂಟನ್ನು ದೂರುತ್ತಾರೆ, ಇಲ್ಲವೇ ಮೇಸ್ತ್ರಿಯನ್ನು. ನಿಜವಾದ ಕಾರಣ ಬಹುಪಾಲು ಬೇರೆಯೇ ಇದೆ. ಆ ತಾರಸಿಯನ್ನು ಮುಂದಿನ ಮಹಡಿಯ ನೆಲವೆಂದು ಹಾಕಲಾಗಿದೆ, ಮಾಡೆಂದು ಯಾರೂ ಮುಗಿಸಿಲ್ಲ. ಮುಂದಿನ ಮಹಡಿ ಹತ್ತು ವರ್ಷವಾದರೂ ಬಾರದಿದ್ದಾಗ ನೆಲವೇ ಮಳೆಗೆ ಮೈಯೊಡ್ಡಿ ನಿಲ್ಲಬೇಕಾಗುತ್ತದೆ.

ಮಾಡಿನ ಮೊದಲ ಕೆಲಸ ನೀರನ್ನು ಸಾಗಹಾಕುವುದು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ 600 ಚದರಡಿಯ ತಾರಸಿಯ ಮೇಲೆ ಅಂದು ಬಿದ್ದದ್ದು ಆರು ಸಾವಿರ ಲೀಟರಿಗೂ ಹೆಚ್ಚು, ತೂಕದಲ್ಲಿ ಆರು ಟನ್ನು. ಸರಿಯಾಗಿ ಹಾಕಿದ ಮೋಲ್ಡ್ ಇಷ್ಟು ಭಾರಕ್ಕೆ ಬೀಳುವುದಿಲ್ಲ. ತೊಂದರೆ ಕೊಡುವುದು ನೀರಿನ ತೂಕವಲ್ಲ, ಅದು ನಿಲ್ಲುವ ಹೊತ್ತು. ಕಾಂಕ್ರೀಟ್ ಎಷ್ಟೇ ಗಟ್ಟಿ ಕಂಡರೂ ಅದರೊಳಗೆ ಸಣ್ಣ ಸಣ್ಣ ರಂಧ್ರಗಳಿವೆ, ಕೂದಲೆಳೆಯಂಥ ಬಿರುಕುಗಳಿವೆ. ಹರಿದುಹೋಗುವ ನೀರಿಗೆ ಅವುಗಳಲ್ಲಿ ಇಳಿಯಲು ಪುರಸೊತ್ತಿಲ್ಲ. ಎರಡು ದಿನ ನಿಂತ ನೀರು ಇಳಿದೇ ಇಳಿಯುತ್ತದೆ, ಒಳಗಿನ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಆ ಉಬ್ಬಿಗೆ ಕೆಳಗಿನ ಗಾರೆ ಹೊಪ್ಪಳಿಕೆ ಎದ್ದು ಉದುರುತ್ತದೆ. ಚಾವಣಿಯಲ್ಲಿ ಕಂಬಿ ಕಾಣುವ ಮನೆಗಳ ಕಥೆಯೆಲ್ಲ ಸಾಮಾನ್ಯವಾಗಿ ಇದೇ.

ಹಿಂದಿನವರಿಗೆ ಈ ಗೊಂದಲ ಇರಲಿಲ್ಲ, ಏಕೆಂದರೆ ಅವರ ಮಾಡು ಬೇರೇನೂ ಆಗಲು ಸಾಧ್ಯವಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ನಾಡಿಗೆಲ್ಲ ಹರಡಿದ ಹೆಂಚು ಇಳಿಜಾರಿನಲ್ಲಿ ಕೂತರೆ ಮಾತ್ರ ಮಳೆ ತಡೆಯುತ್ತದೆ. ಅದರ ಮೇಲೆ ಮಹಡಿ ಎಬ್ಬಿಸುವ ಯೋಚನೆ ಯಾರಿಗೂ ಬರಲಾರದು. ಹಳೆಯ ಬೆಂಗಳೂರಿನ ಮದರಾಸು ತಾರಸಿ ನೋಡಲು ಚಪ್ಪಟೆಯೇ. ಆದರೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿಯನ್ನು ಸುಣ್ಣದಲ್ಲಿ ಕಲಸಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು, ಕೊನೆಗೆ ಬಿಲ್ಲೆ ಹಾಸುವಾಗ ನೀರಿನ ದಾರಿಯನ್ನೂ ಅದರಲ್ಲೇ ಕೂಡಿಸಿಬಿಡುತ್ತಿದ್ದರು. ಆರ್‌ಸಿಸಿ ಬಂದದ್ದು ದೊಡ್ಡ ಅನುಕೂಲ, ಅದರಲ್ಲಿ ಅನುಮಾನವಿಲ್ಲ. ಆದರೆ ನೆಲವನ್ನೂ ಮಾಡನ್ನೂ ಅದು ಒಂದೇ ವಸ್ತುವಾಗಿಸಿತು. ಕೆಳಗಿನ ಮಹಡಿಗೆ ಹಾಕಿದ್ದನ್ನೇ ಮೇಲಕ್ಕೂ ಹಾಕಿದರಾಯಿತು ಎಂಬ ಭಾವನೆ ಅಲ್ಲಿಂದ ಬಂತು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮೇಸ್ತ್ರಿಗಳು ‘ವಾಟ’ ಎನ್ನುವ ಇಳಿಜಾರು ನೂರಕ್ಕೆ ಒಂದರಷ್ಟಾದರೂ ಇರಬೇಕು, ಅಂದರೆ ಹತ್ತು ಅಡಿಗೆ ಸುಮಾರು ಒಂದೂಕಾಲು ಇಂಚು. ನೀರಿಳಿಯುವ ಪೈಪು ಎರಡು ಕಡೆ ಬೇಕು, ಒಂದಕ್ಕೆ ಎಲೆಯೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡರೆ ಇನ್ನೊಂದು ಉಳಿದಿರುತ್ತದೆ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ತುಂಬಬೇಕು, ಬಿರುಕು ಮೊದಲು ಕಾಣಿಸುವುದು ಅಲ್ಲೇ. ಮೋಲ್ಡ್ ಹಾಕುವ ದಿನ ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟು 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಉಳಿಸಬೇಕು. ಆಮೇಲೆ ಹೊಸ ಕಾಂಕ್ರೀಟ್ ಬಲಿಯಲೆಂದು ಪಾತಿ ಕಟ್ಟಿ ನೀರು ನಿಲ್ಲಿಸುವ ವಿಚಾರ. ಕಾಂಕ್ರೀಟ್ ಕುರಿತ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಮಿಶ್ರ ಸಿಮೆಂಟಿಗೆ ಕನಿಷ್ಠ 10, ಆದಷ್ಟೂ 14 ದಿನ. ಇಂದು ಅಂಗಡಿಯಲ್ಲಿ ಸಿಗುವ ಪಿಪಿಸಿ ಚೀಲವೆಲ್ಲ ಮಿಶ್ರ ಸಿಮೆಂಟೇ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಬಡಾವಣೆಯಲ್ಲಿ ಕೈ ಬಿಗಿಹಿಡಿಯುವುದು ಈ ನೀರಿನಲ್ಲಿಯೇ. ಉಳಿಸಿದ ಆ ಒಂದೆರಡು ಟ್ಯಾಂಕರಿನ ದುಡ್ಡಿಗೆ ಬಿರುಕಿನ ರೂಪದಲ್ಲಿ ಬಡ್ಡಿ ಕಟ್ಟಬೇಕಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ ಸಹಜವಾದದ್ದೇ: ಮುಂದೆ ಹೇಗೂ ಮೇಲೆ ಕಟ್ಟುವುದಿದೆ, ಈಗ ವಾಟಕ್ಕೂ ಗಾರೆಗೂ ಸುರಿದ ಹಣ ದಂಡವಲ್ಲವೇ? ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. ಇಪ್ಪತ್ತು ಅಡಿ ಅಗಲದ ತಾರಸಿಗೆ ನಡುವಿನಿಂದ ಎರಡೂ ಬದಿಗೆ ಇಳಿಜಾರು ಕೊಟ್ಟರೆ ಎತ್ತರದಲ್ಲಿ ಬರುವ ವ್ಯತ್ಯಾಸ ಅದೇ ಒಂದೂಕಾಲು ಇಂಚು. ನಾಳೆ ಮಹಡಿ ಬಂದಾಗ ಟೈಲ್ಸ್ ಕೆಳಗಿನ ಗಾರೆಯಲ್ಲೇ ಅದು ಸಮನಾಗಿಬಿಡುತ್ತದೆ, ಒಡೆದು ತೆಗೆಯುವ ಕೆಲಸವೇ ಇಲ್ಲ. ಬಯಲಿಗೆ ಬಿಟ್ಟ ಕಾಲಂ ಕಂಬಿಗಳ ವಿಷಯ ಬೇರೆ. ಅವು ತುಕ್ಕು ಹಿಡಿದು ಸವೆದರೆ ಮುಂದಿನ ಮಹಡಿಗೇ ಆಧಾರ ಕುಂದುತ್ತದೆ, ಬುಡದಲ್ಲಿ ಬಿರುಕು ಬಿಟ್ಟು ನೀರನ್ನೂ ಒಳಗೆ ಬಿಡುತ್ತವೆ. ಬರೀ ಸಿಮೆಂಟ್ ಹಾಲು ಬಳಿದರೆ ಅದು ಬೇಗ ಕಳಚುತ್ತದೆ. ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟಿನಲ್ಲಿ ಕಂಬಿಯನ್ನು ಮುಚ್ಚಿಟ್ಟರೆ ಬೇಕಾದಾಗ ಒಡೆದು ಬಿಡಿಸಿಕೊಳ್ಳಬಹುದು. ಭವಿಷ್ಯದ ಮಹಡಿಯ ಮೇಲೆ ನಿಜವಾಗಿ ಆಸೆ ಇರುವವರೇ ಈಗಿನ ತಾರಸಿಯನ್ನು ಹೆಚ್ಚು ಜೋಪಾನ ಮಾಡಬೇಕು.

ಇನ್ನು ಕೆಲವರ ಭರವಸೆ ಡಬ್ಬದಲ್ಲಿ ಬರುವ ವಾಟರ್‌ಪ್ರೂಫಿಂಗ್ ಮೇಲೆ. ಅದು ಸುಳ್ಳು ಸರಕೇನೂ ಅಲ್ಲ. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಬಳಿದ ಲೇಪ ಬಿಸಿಲಿಗೂ ತೇವಕ್ಕೂ ಸಿಕ್ಕಿ ಗುಳ್ಳೆಯೆದ್ದು ಬಿಡುತ್ತದೆ. ಇಳಿಜಾರು ಮೊದಲು, ಲೇಪ ಆಮೇಲೆ. ಇತ್ತೀಚೆಗೆ ಎಲ್ಲೆಡೆ ಕಾಣುವ ಇನ್ನೊಂದು ಉಪಾಯ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊದಿಸುವುದು. ಮಳೆಯನ್ನೂ ಬಿಸಿಲನ್ನೂ ಅದು ತಡೆಯುತ್ತದೆ, ಬಟ್ಟೆ ಒಣಗಲು ನೆರಳಾಗುತ್ತದೆ. ಆದರೆ ಗಾಳಿ ತಗಡನ್ನು ಒತ್ತುವುದಕ್ಕಿಂತ ಮೇಲಕ್ಕೆ ಎತ್ತುವುದೇ ಹೆಚ್ಚು. ಕಂಬಗಳನ್ನು ಸುಮ್ಮನೆ ಪ್ಯಾರಪೆಟ್ಟಿಗೆ ಬಿಗಿದರೆ ಸಾಲದು. ಅಂಚಿಗೆ ದೋಣಿ ಕಟ್ಟದಿದ್ದರೆ ಇಡೀ ಮಾಡಿನ ನೀರು ಪಕ್ಕದ ಮನೆಯ ಗೋಡೆಗೆ ಬಡಿಯುತ್ತದೆ. ಮೂರಡಿ ಸಂದಿಯೂ ಇಲ್ಲದ ಮನೆಗಳ ನಡುವೆ ಜಗಳಕ್ಕೆ ಇಷ್ಟು ಸಾಕು.

ಇಷ್ಟೆಲ್ಲ ಹೇಳುವಾಗ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಬಾಡಿಗೆಗೆ ಇರುವವರನ್ನು ಮರೆಯಬಾರದು. ಬೆಂಗಳೂರಿನ ಉಷ್ಣಾಂಶ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದುಂಟು. ಅಂಥ ಮಧ್ಯಾಹ್ನ ಶೀಟಿನ ಕೆಳಗೆ ಹಸುಗೂಸನ್ನು ಮಲಗಿಸುವುದು ಹೇಗೆ? ಶೀಟಿನ ಮೇಲೂ ತಾರಸಿಯ ಮೇಲೂ ಬಿಳಿ ಸುಣ್ಣವನ್ನೋ ಬಿಸಿಲು ಹಿಂದಿರುಗಿಸುವ ಬಣ್ಣವನ್ನೋ ಬಳಿದರೆ ಕಾವು ಗೊತ್ತಾಗುವಷ್ಟು ಇಳಿಯುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಮಾಡುಗಳಿಗೆಂದೇ ಒಂದು ನೀತಿ ತಂದಿದೆ. ಕಾವಿನ ಜೊತೆ ಇನ್ನೊಂದು ಅಪಾಯವೂ ಇದೆ: ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಸುಮ್ಮನೆ ಇರುವ ಶೀಟಿಗಿಂತ ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ದೂಳು ಅಪಾಯಕಾರಿ. ಅದನ್ನು ಬದಲಿಸುವಾಗ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು.

ತಾರಸಿಯಿಂದ ಸಾಗಹಾಕಿದ ನೀರು ಬಳಕೆಗೂ ಬರುತ್ತದೆ. ಮಳೆನೀರು ಸಂಗ್ರಹವನ್ನು ಬೆಂಗಳೂರು ಜಲಮಂಡಳಿ 2009ರಿಂದ ಕಡ್ಡಾಯ ಮಾಡಿದೆ. ಹೊಸ ಮನೆಗಳಲ್ಲಿ ಅದು 30×40 ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ ಅನ್ವಯಿಸಿತು, 20×30 ಅದರ ಹೊರಗೇ ಉಳಿಯಿತು. ಆದರೂ ಅಷ್ಟು ಸಣ್ಣ ತಾರಸಿಯ ಮೇಲೆ ವರ್ಷಕ್ಕೆ ಬೀಳುವುದು ಐವತ್ತು ಸಾವಿರ ಲೀಟರಿಗೂ ಹೆಚ್ಚು ನೀರು. ವಾಟ ಸರಿಯಿದ್ದ ತಾರಸಿಯಲ್ಲಿ ಅದನ್ನು ಪೈಪಿನಿಂದ ಸಂಪಿಗೆ ತಿರುಗಿಸಲು ಒಂದು ಶೋಧಕ, ಕೆಲವು ಅಡಿ ಪೈಪು ಸಾಕು. ಮನೆ ಕಟ್ಟಿಸುತ್ತಿರುವವರು ಸೆಂಟ್ರಿಂಗ್ ಹಲಗೆ ಹೊಡೆಯುವ ಮೊದಲೇ ಮೇಸ್ತ್ರಿಯನ್ನು ನಿಲ್ಲಿಸಿ, ನೀರು ಯಾವ ಮೂಲೆಗೆ ಹೋಗುತ್ತದೆಂದು ಕೇಳಿ. ಕಟ್ಟಿ ಆಗಿರುವವರು ಮೇ ತಿಂಗಳ ಮಳೆಗೆ ಮುಂಚೆ ತಾರಸಿಯ ಮೇಲೆ ನಾಲ್ಕು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾರೆ ಕೆಲಸದವರನ್ನು ಕರೆಸಬೇಕಾದದ್ದು ಆ ಜಾಗಕ್ಕೆ.