ಅಜ್ಜಿಯ ಟೀವಿಗೂ ತಿಳಿಯುವ ಭಾಷೆ

ಕಳೆದ ದೀಪಾವಳಿಗೆ ಡೊಂಬಿವಿಲಿಯಲ್ಲಿರುವ ನನ್ನ ತಂಗಿಯ ಮಗಳು ಊರಿಗೆ ಒಂದು ಪೆನ್‌ಡ್ರೈವ್ ಕಳುಹಿಸಿದಳು. ಅವಳ ಭರತನಾಟ್ಯ ರಂಗಪ್ರವೇಶದ ವೀಡಿಯೋ ಅದರಲ್ಲಿತ್ತು. ಹೊಸ ಫೋನಿನಲ್ಲಿ ತೆಗೆದದ್ದು. ಮೊಣಕಾಲು ನೋವಿನಿಂದ ಮುಂಬಯಿಗೆ ಬರಲಾಗದ ಅಜ್ಜಿ, ನೆರೆಮನೆಯವರನ್ನೂ ಕರೆದು ಟೀವಿಯ ಮುಂದೆ ಕುಳಿತರು. ಮೃದಂಗ ಕೇಳಿಸಿತು, ಗೆಜ್ಜೆಯ ಸದ್ದು ಕೇಳಿಸಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ರಾತ್ರಿ ಫೋನಿನಲ್ಲಿ ಅಜ್ಜಿ, "ನಿನ್ನ ಗೆಜ್ಜೆ ಕೇಳಿಸಿತು ಮಗಾ, ಮುಖ ಕಾಣಲಿಲ್ಲ" ಎಂದರಂತೆ.

ಹುಡುಗಿಗೆ ಸಿಟ್ಟು ಬಂತು. "ಮಾವ, ಈ ಕಾಲದಲ್ಲೂ ಜನ ಹಳೇ ಫಾರ್ಮ್ಯಾಟ್ ಹಿಡ್ಕೊಂಡು ಕೂತರೆ ನಾವೇನು ಮಾಡೋದು?" ಎಂದು ನನ್ನನ್ನೇ ಕೇಳಿದಳು. ಮೂವತ್ತು ವರ್ಷ ಟೀವಿ, ವಿ.ಸಿ.ಆರ್. ರಿಪೇರಿ ಮಾಡಿ ಬದುಕಿದವನು ನಾನು. ಈ ಪ್ರಶ್ನೆ ನಿಮ್ಮಲ್ಲಿ ಹಲವರದೂ ಆಗಿರಬಹುದು. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಸಾಧಾರಣ ಟೀವಿಯ ಒಂದು ಚಿತ್ರವೆಂದರೆ 720 ಚುಕ್ಕಿಗಳ 576 ಸಾಲುಗಳು. ಸೆಕೆಂಡಿಗೆ ಇಂಥ 25 ಚಿತ್ರಗಳು. ಇದನ್ನು ಇದ್ದಂತೆಯೇ ತುಂಬಿಸಹೊರಟರೆ ಸೆಕೆಂಡಿಗೆ ಸುಮಾರು 20 ಎಂ.ಬಿ. ಬೇಕು, ಒಂದು ಸಿ.ಡಿ. ಅರ್ಧ ನಿಮಿಷದಲ್ಲೇ ತುಂಬಿಹೋಗುತ್ತದೆ. ಹಾಗಾಗಿ ವೀಡಿಯೋವನ್ನು ಅಡಕಗೊಳಿಸಲೇಬೇಕು. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾಗದ ಭಾಗವನ್ನು ಮತ್ತೆ ಕಳುಹಿಸುವುದಿಲ್ಲ. ಕಣ್ಣಿಗೆ ಗೊತ್ತಾಗದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತಾರೆ.

ಈ ಎರಡನೆಯ ಕೆಲಸದ ಬುಡದಲ್ಲಿರುವ ಗಣಿತವನ್ನು ಕೊಟ್ಟವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಎಂಬುದು ನಿಮಗೆ ಗೊತ್ತೇ? ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಅವರು ಈ ಸಂಶೋಧನೆಗೆ ಅಲ್ಲಿಯ ಸರಕಾರಿ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದಾಗ ಸಿಗಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. 'ಡಿ.ಸಿ.ಟಿ.' ಎಂದು ಅದರ ಹೆಸರು. ನಿಮ್ಮ ಫೋನಿನ ಜೆಪೆಗ್ ಫೋಟೋದಿಂದ ಹಿಡಿದು ಡಿ.ವಿ.ಡಿ.ಯವರೆಗೆ ಎಲ್ಲದರಲ್ಲೂ ಅದೇ ಇದೆ. ಆಮೇಲೆ ಬಂದ ಫಾರ್ಮ್ಯಾಟ್‌ಗಳೂ ಅದರ ಸಂತತಿಯವೇ.

ಗಣಿತದ ಮೂಲ ಒಂದಾದರೂ ವ್ಯಾಕರಣ ಬೇರೆ ಬೇರೆ. 1993ರಲ್ಲಿ ಎಂಪೆಗ್-1 ಬಂತು; ವಿ.ಸಿ.ಡಿ. ಅದರದು. ಕೆಲವೇ ವರ್ಷಗಳಲ್ಲಿ ಎಂಪೆಗ್-2 ಬಂತು, ಡಿ.ವಿ.ಡಿ. ಅದರದು. 2003ರಲ್ಲಿ ಎಚ್.264, 2013ರಲ್ಲಿ ಎಚ್.265. ಎಂಪೆಗ್-2 ಬೇಡುವ ಜಾಗದ ಹೆಚ್ಚುಕಡಿಮೆ ಅರ್ಧದಲ್ಲಿ ಎಚ್.264 ಅದೇ ಚಿತ್ರವನ್ನು ತೋರಿಸುತ್ತದೆ, ಎಚ್.265ಕ್ಕೆ ಅದರಲ್ಲೂ ಅರ್ಧ ಸಾಕು. ಹಾಗಾದರೆ ಹಳೆಯದು ಏಕೆ ಉಳಿದಿದೆ?

ಏಕೆಂದರೆ ಫಾರ್ಮ್ಯಾಟ್ ಕಳುಹಿಸುವವನೊಬ್ಬನ ಸೊತ್ತಲ್ಲ. ಅದು ಕಳುಹಿಸುವವನಿಗೂ ಪಡೆಯುವವನಿಗೂ ಆದ ಒಪ್ಪಂದ. ನೀವು ಫೋನು ಬದಲಿಸಿದ ದಿನ ಅಜ್ಜಿಯ ಟೀವಿ ಬದಲಾಗುವುದಿಲ್ಲ. ಟೀವಿ, ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಅಡಕವನ್ನು ಬಿಡಿಸುವ ಕೆಲಸ ಚಿಪ್ಪಿನೊಳಗೇ ಇರುತ್ತದೆ. ಆಮೇಲೆ ಹುಟ್ಟಿದ ಫಾರ್ಮ್ಯಾಟನ್ನು ಆ ಚಿಪ್ಪಿಗೆ ಕಲಿಸಲಾಗುವುದಿಲ್ಲ.

ದೂರದರ್ಶನದ ಡಿಡಿ ಫ್ರೀ ಡಿಶ್ ನೋಡಿ. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಒಮ್ಮೆ ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು. ಊರಿನ ಎಷ್ಟೋ ಮನೆಗಳಿಗೆ 'ಚಂದನ' ಹೀಗೇ ಬರುತ್ತದೆ. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆಯೆಂದು ಅಂದಾಜು. ಅನೇಕರ ಬಾಕ್ಸು ಎಂಪೆಗ್-2 ಮಾತ್ರ ಬಲ್ಲದು. ಹೊಸ ರೀತಿಯಲ್ಲಿ ಪ್ರಸಾರ ಮಾಡಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಚಾನೆಲ್ ಹಿಡಿಯುತ್ತವೆ, ನಿಜ. ಆದರೆ ಹಳೆಯದನ್ನು ಒಂದೇ ಏಟಿಗೆ ನಿಲ್ಲಿಸಿದರೆ ಆ ಮನೆಗಳ ಪರದೆ ಕಪ್ಪಾಗುತ್ತದೆ. ಅದಕ್ಕೇ ಅಲ್ಲಿ ಹಳೆಯದೂ ಹೊಸದೂ ಜೊತೆಜೊತೆಗೆ ನಡೆದಿವೆ. 2024ರಲ್ಲೂ ಎಂಪೆಗ್-2 ಜಾಗಗಳನ್ನು ಹರಾಜಿಗಿಟ್ಟಿದ್ದರು, ಖಾಸಗಿ ಚಾನೆಲ್‌ಗಳು ಕೋಟಿಗಟ್ಟಲೆ ರೂಪಾಯಿಗೆ ಕೂಗಿದವು. ನೋಡುವ ಕಣ್ಣುಗಳಿರುವುದು ಅಲ್ಲಿ!

ಇದು ಬಡ ದೇಶದ ಪಾಡು ಎನ್ನಬೇಡಿ. ಅಮೆರಿಕ 2009ರಲ್ಲಿ ಆಂಟೆನಾ ಟೀವಿಯನ್ನು ಡಿಜಿಟಲ್ ಮಾಡಿದಾಗ ಆರಿಸಿಕೊಂಡಿದ್ದು ಎಂಪೆಗ್-2. ಅಲ್ಲೂ ಅದು ಇನ್ನೂ ಹೋಗಿಲ್ಲ.

ಎರಡನೆಯ ಕಾರಣ ದುಡ್ಡು. ಈ ಫಾರ್ಮ್ಯಾಟ್‌ಗಳ ಮೇಲೆ ಪೇಟೆಂಟ್‌ಗಳಿವೆ. ಎಂಪೆಗ್-2ರ ಮೇಲೆ ಅಮೆರಿಕದಲ್ಲಿದ್ದ ಕೊನೆಯ ಪೇಟೆಂಟ್ 2018ರಲ್ಲಿ ಮುಗಿಯಿತು. ಎಚ್.265ರ ಹಕ್ಕುದಾರರಾದರೋ ಒಂದು ಗುಂಪಾಗಿ ನಿಲ್ಲಲಿಲ್ಲ; ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಶುಲ್ಕ ಕೇಳಿದವು. ಯಾರಿಗೆ ಎಷ್ಟು ಕೊಡಬೇಕೆಂದು ತಿಳಿಯದಿದ್ದಾಗ ವ್ಯಾಪಾರಿ ಏನು ಮಾಡುತ್ತಾನೆ? ಕೈಯಲ್ಲಿದ್ದುದನ್ನೇ ಮುಂದುವರಿಸುತ್ತಾನೆ. ಬೇಸತ್ತ ಗೂಗಲ್, ನೆಟ್‌ಫ್ಲಿಕ್ಸ್ ಮೊದಲಾದವರು 2015ರಲ್ಲಿ ಒಂದು ಕೂಟ ಕಟ್ಟಿ, 2018ರಲ್ಲಿ ಶುಲ್ಕವಿಲ್ಲದ ಎ.ವಿ.1 ಎಂಬುದನ್ನು ತಂದರು. ಅವರಿಗೆ ದಿನವೂ ಕೋಟ್ಯಂತರ ಗಂಟೆಗಳ ವೀಡಿಯೋ ಕಳುಹಿಸುವ ಖರ್ಚು ಉಳಿಯುತ್ತದೆ. ಆದರೂ ಯೂಟ್ಯೂಬ್ ಹಳೆಯ ಸಾಧನಗಳಿಗೆಂದು ಎಚ್.264 ಪ್ರತಿಯನ್ನು ಇಟ್ಟುಕೊಂಡೇ ಇದೆ.

ಮೂರನೆಯ ಕಾರಣವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಮಾರ್ಪಡಿಸಿದಾಗಲೆಲ್ಲ ಚಿತ್ರ ಒಂದಿಷ್ಟು ಸವೆಯುತ್ತದೆ. ಮೊದಲ ಸಲ ಬಿಟ್ಟ ಸೂಕ್ಷ್ಮ ಮರಳಿ ಬರುವುದಿಲ್ಲ, ಎರಡನೆಯ ಸಲ ಇನ್ನಷ್ಟು ಹೋಗುತ್ತದೆ. ಆದ್ದರಿಂದ ಹಳೆಯ ದಾಖಲೆಗಳನ್ನು ಕಾಯುವವರು ಮೂಲವನ್ನು ಮುಟ್ಟಗೊಡುವುದಿಲ್ಲ.

ಇಷ್ಟು ಕೇಳಿದ ಮೇಲೆ ನನ್ನ ಸೊಸೆಯ ಸಿಟ್ಟು ಇಳಿಯಿತು. ಮೂಲ ವೀಡಿಯೋವನ್ನು ಹಾಗೇ ಇಟ್ಟುಕೊಂಡು, ಎಚ್.264ರಲ್ಲಿ ಒಂದು ಪ್ರತಿ ಮಾಡಿ ಮತ್ತೆ ಕಳುಹಿಸಿದಳು. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೂ ಎಲ್ಲ ಕಡೆ ನಡೆಯುವ ಫಾರ್ಮ್ಯಾಟನ್ನೇ ಆರಿಸಿದಳು. ಈ ಬಾರಿ ಅಜ್ಜಿ ಎರಡು ಸಲ ನೋಡಿ, "ಹಾಕಿಕೊಂಡ ಬೆಂಡೋಲೆ ನನ್ನದೇ ಅಲ್ಲವೇನೇ?" ಎಂದು ಕೇಳಿದರಂತೆ. ಹೌದು, ಅವರದೇ.

ಈಗ ನಿಮ್ಮ ಮನೆಯ ವಿಷಯ. ಕಪಾಟಿನಲ್ಲೋ ಲಾಫ್ಟಿನಲ್ಲೋ ನಿಮ್ಮ ಅಪ್ಪ ಅಮ್ಮನ ಮದುವೆಯ, ನಿಮ್ಮ ನಾಮಕರಣದ ವಿ.ಸಿ.ಡಿ. ಇದ್ದೀತು. 352 ಚುಕ್ಕಿಗಳ 288 ಸಾಲಿನ ಮಸುಕು ಚಿತ್ರವೆಂದು ನಗಬೇಡಿ. ಈಗಿಲ್ಲದ ಅಜ್ಜನ ನಡೆ, ದನಿ ಉಳಿದಿರುವುದು ಬಹುಶಃ ಅಲ್ಲೇ. ಎಂಪೆಗ್-1 ಹಳೆಯದಾಯಿತೆಂದು ಹೆದರಬೇಕಿಲ್ಲ. ಪುಕ್ಕಟೆ ಸಿಗುವ ವಿ.ಎಲ್.ಸಿ. ತಂತ್ರಾಂಶ ಅದನ್ನು ಇಂದಿಗೂ ಓದುತ್ತದೆ. ಅಪಾಯವಿರುವುದು ತಟ್ಟೆಗೆ, ಅದನ್ನು ಓದುವ ಡ್ರೈವಿಗೆ. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರ ವರ್ಷಗಳು ಕಳೆದಂತೆ ಕೆಡುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇರುವುದಿಲ್ಲ. ತಟ್ಟೆಯಲ್ಲಿರುವ 'ಡ್ಯಾಟ್' ಫೈಲನ್ನು ಇದ್ದಂತೆಯೇ ಎರಡು ಕಡೆ ಪ್ರತಿ ಮಾಡಿಕೊಳ್ಳಿ. ಬಂಧುಗಳಿಗೆ ಕಳುಹಿಸಲು ಬೇಕಾದರೆ ಎಚ್.264ರಲ್ಲಿ ಇನ್ನೊಂದು ಮಾಡಿ. ಮೂಲವನ್ನು ಮಾತ್ರ ಅಳಿಸಬೇಡಿ.

ಡ್ರೈವ್ ಇಲ್ಲದವರು ತಟ್ಟೆಯೊಡನೆ ಒಂದು ಖಾಲಿ ಪೆನ್‌ಡ್ರೈವನ್ನೂ ಹಿಡಿದು ಭಾನುವಾರ ಬೆಳಗ್ಗೆ ಸಂಘದ ಕಚೇರಿಗೆ ಬನ್ನಿ. ನನ್ನ ಹಳೆಯ ಕಂಪ್ಯೂಟರಿನ ಡ್ರೈವ್ ಇನ್ನೂ ಓಡುತ್ತದೆ.