ವಿಕಿರಣಕ್ಕೆ ಗುಳಿಗೆ ಇದೆಯೇ?

ಕಳೆದ ರಂಜಾನ್ ತಿಂಗಳ ಒಂದು ಸಂಜೆ ನಮ್ಮ ಆಸ್ಪತ್ರೆಯ ಫಾರ್ಮಸಿ ಕೌಂಟರಿಗೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಬಂದ. ಪೈಪ್‌ಲೈನ್ ಸೈಟಿನಲ್ಲಿ ಫಿಟ್ಟರ್. ಇಲ್ಲಿ ಕನ್ನಡದವರಿದ್ದಾರೆ ಎಂದು ಯಾರೋ ಹೇಳಿ ಕಳಿಸಿದ್ದರಂತೆ. "ಸರ, ರಾತ್ರಿ ನಮ್ಮ ಸೈಟಿನಾಗ ವೆಲ್ಡಿಂಗಿಗೆ ಎಕ್ಸ್‌ರೇ ಹೊಡಿತಾರ್ರಿ. ಮೈಗೆ ರೇಡಿಯೇಶನ್ ಹತ್ತತೈತಿ ಅಂತಾರ. ಅದಕ್ಕ ಅಯೋಡಿನ್ ಗುಳಿಗಿ ಐತಂತಲ್ರಿ, ಒಂದು ಶೀಟ್ ಕೊಡ್ರಿ" ಎಂದ.

ಗುಳಿಗೆ ಕೊಡಲಿಲ್ಲ. ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿದೆವು. ರಿಫೈನರಿ, ಪೈಪ್‌ಲೈನ್, ಶಿಪ್‌ಯಾರ್ಡುಗಳಲ್ಲಿ ದುಡಿಯುವ ನಮ್ಮವರು ಬಹಳ ಮಂದಿ ಇರುವುದರಿಂದ, ಆ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಏನಿದು ವಿಕಿರಣ?

ಪ್ರತಿ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ತಿರುಳಿದೆ. ಹೆಚ್ಚಿನವುಗಳ ತಿರುಳು ಭದ್ರ. ಕೆಲವದರ ತಿರುಳು ಮಾತ್ರ ಹೇರು ಹೆಚ್ಚಾದ ಗಾಡಿಯಂತೆ ಓಲಾಡುತ್ತಿರುತ್ತದೆ. ಹೆಚ್ಚಾದದ್ದನ್ನು ಹೊರಗೆಸೆದು ಸ್ಥಿರವಾಗಲು ನೋಡುತ್ತದೆ. ಹೀಗೆ ತಾನಾಗಿಯೇ ಹೊರಗೆಸೆಯುವ ಗುಣವೇ ವಿಕಿರಣಶೀಲತೆ. 1896ರಲ್ಲಿ ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್ ಇದನ್ನು ಕಂಡರು. ಕಪ್ಪು ಕಾಗದದಲ್ಲಿ ಸುತ್ತಿಟ್ಟ ಫೋಟೋ ಫಲಕದ ಮೇಲೆ ಯುರೇನಿಯಂ ಲವಣ ಇಟ್ಟಿದ್ದರು. ಬೆಳಕು ತಾಗದೆಯೂ ಫಲಕ ಕಪ್ಪಾಗಿತ್ತು. ನಿಮ್ಮ ಸೈಟಿನಲ್ಲಿ ಪೈಪಿಗೆ ಫಿಲ್ಮ್ ಕಟ್ಟಿ ವೆಲ್ಡಿಂಗ್ ಬಿರುಕು ಹುಡುಕುವುದೂ ಇದೇ ತತ್ವದ ಮೇಲೆ.

ಮುಖ್ಯವಾಗಿ ಮೂರು ಬಗೆ.

ಆಲ್ಫಾ: ಭಾರವಾದ ಕಣ. ಒಂದು ಹಾಳೆ ಕಾಗದವೋ ನಮ್ಮ ಚರ್ಮದ ಮೇಲ್ಪದರವೋ ಸಾಕು, ನಿಂತುಬಿಡುತ್ತದೆ. ಆದರೆ ಉಸಿರಲ್ಲೋ ಊಟದಲ್ಲೋ ಒಳಹೊಕ್ಕರೆ ಅಪಾಯ.

ಬೀಟಾ: ವೇಗವಾಗಿ ಓಡುವ ಎಲೆಕ್ಟ್ರಾನ್. ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಡೆಯುತ್ತದೆ. ಚರ್ಮ ಸುಡಬಲ್ಲದು.

ಗಾಮಾ: ಕಣವಲ್ಲ, ಬೆಳಕಿನ ಜಾತಿಯ ಕಿರಣ. ಮೈಯನ್ನು ದಾಟಿ ಹೋಗುತ್ತದೆ. ತಡೆಯಲು ಸೀಸ ಅಥವಾ ದಪ್ಪ ಕಾಂಕ್ರೀಟ್ ಬೇಕು.

ಇವಲ್ಲದೆ ನ್ಯೂಟ್ರಾನ್ ಇದೆ. ಅದು ಹೆಚ್ಚಾಗಿ ನಮ್ಮ ಕೈಗಾ, ಇಲ್ಲಿನ ಬರಾಕಾದಂಥ ಅಣುಸ್ಥಾವರಗಳ ಒಳಗಿನ ಸಂಗತಿ.

ಸ್ವಿಚ್ ಇಲ್ಲದ ಬೆಂಕಿ

ವೀಸಾ ಮೆಡಿಕಲ್‌ನಲ್ಲಿ ಎದೆಗೆ ತೆಗೆಯುವ ಎಕ್ಸ್‌ರೇ ಕರೆಂಟಿನಿಂದ ಹುಟ್ಟುವಂಥದ್ದು. ಸ್ವಿಚ್ ಆರಿಸಿದರೆ ಮುಗಿಯಿತು. ಅದರ ಪ್ರಮಾಣ ಸುಮಾರು 0.1 ಮಿಲಿಸೀವರ್ಟ್ ಅಥವಾ ಇನ್ನೂ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಆದ್ದರಿಂದ ಮೆಡಿಕಲ್ ಎಕ್ಸ್‌ರೇಗೆ ಹೆದರಬೇಕಿಲ್ಲ. ಗರ್ಭಿಣಿಯರು ಮಾತ್ರ ಮೊದಲೇ ತಿಳಿಸಬೇಕು.

ಸೈಟಿನಲ್ಲಿ "ಎಕ್ಸ್‌ರೇ" ಎನ್ನುವುದು ಹಲವು ಸಲ ಎಕ್ಸ್‌ರೇ ಆಗಿರುವುದೇ ಇಲ್ಲ. ಅದು ಇರಿಡಿಯಂ-192ರ ಗಾಮಾ. ಭಾರವಾದ ಪೆಟ್ಟಿಗೆಯೊಳಗೆ ಸಣ್ಣ ಲೋಹದ ಗುಂಡು; ಕೇಬಲ್ ತಿರುಗಿಸಿ ಹೊರಗೆ ತಳ್ಳುತ್ತಾರೆ, ಕೆಲಸ ಮುಗಿದ ಮೇಲೆ ಒಳಗೆಳೆಯುತ್ತಾರೆ. ಇದಕ್ಕೆ ಸ್ವಿಚ್ ಇಲ್ಲ. ಅದರ ಅರ್ಧಾಯುಷ್ಯ 74 ದಿನ, ಅಂದರೆ ಶಕ್ತಿ ಅರ್ಧಕ್ಕೆ ಇಳಿಯಲು ಎರಡೂವರೆ ತಿಂಗಳು ಬೇಕು.

1999ರ ಫೆಬ್ರವರಿಯಲ್ಲಿ ಪೆರು ದೇಶದ ಯನಾಂಗೊ ಜಲವಿದ್ಯುತ್ ಸ್ಥಾವರದಲ್ಲಿ ಒಬ್ಬ ವೆಲ್ಡರ್ ನೆಲದ ಮೇಲೆ ಬಿದ್ದಿದ್ದ ಇಂಥ ತುಂಡೊಂದನ್ನು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಕೆಲಸ ಮಾಡಿದ, ವ್ಯಾನು ಹತ್ತಿ ಮನೆಗೆ ಹೋದ. ತೊಡೆ ನೋವೆಂದಾಗ ಹುಳ ಕಚ್ಚಿರಬೇಕೆಂದರು ವೈದ್ಯರು. ತುಂಡು ಕಾಣೆಯಾದದ್ದು ತಿಳಿದು ಸೈಟಿನವರು ಆ ರಾತ್ರಿ ಅವನ ಮನೆಗೆ ಹುಡುಕಿಕೊಂಡು ಬಂದರು. ಜೀವ ಉಳಿಯಿತು, ಬಲಗಾಲು ಹೋಯಿತು. ಹೆಂಡತಿ ಮಕ್ಕಳಿಗೂ ವಿಕಿರಣ ತಗಲಿತ್ತು. ಹೊಟ್ಟೆಪಾಡಿಗೆ ದುಡಿಯುವ ನಮ್ಮಂಥವನೇ ಅವನು. ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಗುಳಿಗೆಯ ವಿಷಯ

ಪೊಟ್ಯಾಸಿಯಂ ಅಯೋಡೈಡ್ ಗುಳಿಗೆ ಥೈರಾಯ್ಡ್ ಗ್ರಂಥಿಯನ್ನು ಒಳ್ಳೆಯ ಅಯೋಡಿನ್‌ನಿಂದ ತುಂಬಿಸಿ, ವಿಕಿರಣಶೀಲ ಅಯೋಡಿನ್ ಬಂದರೆ ಅದಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಅಣುಸ್ಥಾವರದ ಅಪಘಾತವಾದಾಗ ಸರ್ಕಾರ ಹೇಳಿದರೆ ಮಾತ್ರ ಅದರ ಬಳಕೆ. ಇರಿಡಿಯಂನ ಗಾಮಾ ಕಿರಣದ ಮುಂದೆ ಅದು ಏನೂ ಮಾಡದು. ಸುಮ್ಮನೆ ನುಂಗಿದರೆ ಥೈರಾಯ್ಡೇ ಕೆಡಬಹುದು.

ನಿಜವಾದ ಔಷಧ ಮೂರು: ಕಡಿಮೆ ಹೊತ್ತು, ಹೆಚ್ಚು ದೂರ, ನಡುವೆ ದಪ್ಪ ಗೋಡೆ. ದೂರದ ಲೆಕ್ಕ ನೆನಪಿಡಿ. ಒಂದು ಮೀಟರಿನಲ್ಲಿ ತಗಲುವ ವಿಕಿರಣ ಎರಡು ಮೀಟರಿಗೆ ಕಾಲು ಭಾಗ, ಹತ್ತು ಮೀಟರಿಗೆ ನೂರರಲ್ಲಿ ಒಂದು ಭಾಗ.

ಹಳದಿಯ ಮೇಲೆ ಕಪ್ಪು ಮೂರೆಸಳಿನ ಗುರುತು ಕಂಡರೆ, ಟೇಪ್ ಕಟ್ಟಿ ದೀಪ ಮಿನುಗುತ್ತಿದ್ದರೆ, ಒಳಗೆ ಕಾಲಿಡಬೇಡಿ. ಯಾರು ಕರೆದರೂ ಸರಿಯೇ. ಕೀ ಚೈನಿನಂತೆ ಕಾಣುವ ಅಪರಿಚಿತ ಲೋಹದ ತುಂಡನ್ನು ಮುಟ್ಟಬೇಡಿ. ದೂರ ಸರಿಯಿರಿ, ಉಳಿದವರನ್ನೂ ಸರಿಸಿ, ಸೇಫ್ಟಿ ಆಫೀಸರಿಗೆ ತಿಳಿಸಿ. ಕಾರಣವಿಲ್ಲದೆ ಚರ್ಮ ಕೆಂಪಾದರೆ, ಗುಳ್ಳೆ ಎದ್ದರೆ, ವಾಂತಿಯಾದರೆ "ನಮ್ಮ ಸೈಟಿನಲ್ಲಿ ರೇಡಿಯೋಗ್ರಫಿ ನಡೆಯುತ್ತದೆ" ಎಂದು ವೈದ್ಯರಿಗೆ ನೀವೇ ಹೇಳಿ. ಅವರಾಗಿ ಕೇಳುವುದು ಕಡಿಮೆ.

ಇನ್ನೊಂದು ಮಾತು. ಹೊರಗಿನಿಂದ ಗಾಮಾ ತಗಲಿದವನ ಮೈಯಿಂದ ಮತ್ತೊಬ್ಬರಿಗೆ ವಿಕಿರಣ ಹರಡದು. ರೇಡಿಯೋಗ್ರಫಿ ಕೆಲಸದವನ ಜೊತೆ ಕ್ಯಾಂಪಿನಲ್ಲಿ ಊಟಕ್ಕೆ ಕೂರಲು ಅನುಮಾನ ಬೇಡ.

ಎರಡು ವಾರ ಕಳೆದು ಆ ಹುಡುಗ ಫೋನ್ ಮಾಡಿದ. "ಸರ, ನನ್ನ ಟೂಲ್ ಬಾಕ್ಸ್ ಟೇಪಿನ ಒಳಗ ಉಳಿದಿತ್ರಿ. ಓಡಿ ಹೋಗಿ ತಗೊಂಡ್ ಬಾ ಅಂದ್ರು. ನಾ ಹೋಗಲಿಲ್ಲ. ಬೆಳಗಾದ ಮ್ಯಾಲೆ ತಂದ್ನಿ."

ನಮ್ಮ ಕೌಂಟರಿನಿಂದ ಯಾವ ಗುಳಿಗೆಯನ್ನೂ ಒಯ್ಯದೆ ಗುಣ ಕಂಡವನು ಅವನೊಬ್ಬನೇ ಇರಬೇಕು.